ಮುಚ್ಚಳ ತೆಗೆಯಬೇಕಿಲ್ಲದ ಒಲೆ

ನನ್ನ ಕೆಲಸ ಏನೆಂದು ನಮ್ಮೂರಲ್ಲಿ ಯಾರಿಗೂ ಸರಿಯಾಗಿ ಹೇಳಲು ನನಗೆ ಇವತ್ತಿಗೂ ಆಗಿಲ್ಲ. "ಬಾಂಬ್ ಮಾಡ್ತ್ಯಂತೆ, ಹೌದಾ?" ಎಂದು ಮುರ್ಡೇಶ್ವರ ಸ್ಟೇಷನ್ನಿನ ರಿಕ್ಷಾದವನು ಪ್ರತಿ ಸಲ ಕೇಳುತ್ತಾನೆ. ಪ್ರತಿ ಸಲ ನನಗೆ ಸಿಟ್ಟು ಬರುತ್ತದೆ. ನಾನು ಮಾಡುವುದು ಬಾಂಬಲ್ಲ, ಚಿಕ್ಕ ಅಣುಸ್ಥಾವರದ ವಿನ್ಯಾಸ. ಅದರಲ್ಲೂ ಒಂದೇ ಭಾಗ, ಇಂಧನ ಮುಗಿದಾಗ ಹಳೆಯದನ್ನು ತೆಗೆದು ಹೊಸದನ್ನು ಇಡುವ ವ್ಯವಸ್ಥೆ. ಹಲವು ದೊಡ್ಡ ಸ್ಥಾವರಗಳಲ್ಲಿ ಇದಕ್ಕೆ ಮುಚ್ಚಳ ಬಿಚ್ಚಬೇಕು, ಜನ ಮೈತುಂಬ ಕವಚ ಹಾಕಿಕೊಂಡು ಒಳಗೆ ದುಡಿಯಬೇಕು. ನಮ್ಮದರಲ್ಲಿ ಇಂಧನ ತುಂಬಿದ ಗಡಿಗೆಯನ್ನೇ ಇಡಿಯಾಗಿ ಎತ್ತಿ ಇನ್ನೊಂದನ್ನು ಇಳಿಸುವುದು. ಯಾರೂ ಹತ್ತಿರ ಹೋಗಬೇಕಾಗಿಲ್ಲ. ಕರೆಂಟು ಹೋದರೂ, ಪಂಪು ನಿಂತರೂ, ನೀರು ತನ್ನಷ್ಟಕ್ಕೆ ತಾನೇ ಸುತ್ತಿ ಅದನ್ನು ತಣಿಸುತ್ತದೆ. ನನ್ನ ಪ್ರಾಯದ ಒಳ್ಳೆಯ ಭಾಗವೆಲ್ಲ ಆ ಗಡಿಗೆಯ ಹಿಡಿಕೆಗೇ ಹೋಗಿದೆ.

ನನ್ನನ್ನು ಸಾಕಿದ್ದು ಸೋದರಮಾವ. ಸಮುದ್ರಕ್ಕೆ ಹೋದ ಅಪ್ಪ ತಿರುಗಿ ಬರಲಿಲ್ಲ, ಅಮ್ಮ ಆ ಕೊರಗಿನಲ್ಲೇ ಹಾಸಿಗೆ ಹಿಡಿದು ಹೋದಳು. ಆಮೇಲೆ ಮಾವನ ಮನೆಯೇ ನನ್ನ ಮನೆ. "ಮೀನ್ ಬುಟ್ಟಿ ಹೊರೂದು ನಮ್ಗೇ ಸಾಕು" ಎಂದು ನನ್ನನ್ನು ಕುಮಟಾದ ಕಾಲೇಜಿಗೆ ಸೇರಿಸಿದವನು ಅವನು.

ಕಳೆದ ಮಳೆಗಾಲದಲ್ಲಿ ನಮ್ಮೂರ ಹತ್ತಿರ ಇಂಥದೇ ಒಂದು ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆಂಬ ಸುದ್ದಿ ಹಬ್ಬಿತು. ನೋಡುತ್ತಿದ್ದವರು ನಾನು ಕೆಲಸ ಮಾಡುವ ಕಡೆಯವರಲ್ಲ, ಯಂತ್ರ ಮಾತ್ರ ನಮ್ಮ ಮಾದರಿಯದು. ಮಣ್ಣು ಪರೀಕ್ಷೆಗೆ ಅವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಲು ಮಳೆ ಕಡಿಮೆಯಾದ ಮೇಲೆ ಊರವರು ಸಭೆ ಕರೆದರು. ಯಾರೂ ಕರೆಯದಿದ್ದರೂ ನಾನು ರಜೆ ಹಾಕಿ ಬಂದೆ.

ಬಂದ ದಿನವೇ ಅಡುಗೆಮನೆಯಲ್ಲಿ ಅತ್ತೆಗೆ ವಿವರಿಸತೊಡಗಿದೆ. "ಗ್ಯಾಸ್ ಸಿಲಿಂಡರ್ ಬದ್ಲಿಸಿದ ಹಾಂಗೆ ಅತ್ತೆ. ಹಳೇದು ಎತ್ತೂದು, ಹೊಸದು ಇಡೂದು. ಅಷ್ಟೇಯ."

"ಹಳೇದು ಯಾರು ತಗಂಡು ಹೋಗ್ತಾರೆ?" ಮೀನು ಸೀಳುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದಳು.

ಅಲ್ಲಿಗೆ ನನ್ನ ಸಿಲಿಂಡರು ಕೆಲಸಕ್ಕೆ ಬಾರದಾಯಿತು. ಸಿಲಿಂಡರ್ ಖಾಲಿಯಾಗುತ್ತದೆ, ಅದೇ ದಿನ ಗಾಡಿ ಹತ್ತುತ್ತದೆ. ನಮ್ಮ ಗಡಿಗೆ ಖಾಲಿಯಾಗುವುದಿಲ್ಲ. ಕೆಲಸ ಮುಗಿದ ಮೇಲೂ ಅದರೊಳಗೆ ಬಿಸಿ, ವಿಷ ಎರಡೂ ಉಳಿದಿರುತ್ತವೆ. ಅದನ್ನು ಅದೇ ಆವರಣದಲ್ಲಿ ನೀರೊಳಗೆ ವರ್ಷಗಟ್ಟಲೆ ಇಡಬೇಕು. ಆಮೇಲೆ ಎಲ್ಲಿಗೆ ಎನ್ನುವುದು ನನ್ನ ವಿಭಾಗಕ್ಕೆ ಬರುವ ಪ್ರಶ್ನೆಯಲ್ಲ. ಹಾಗೆಯೇ ಹೇಳಿದೆ. "ಆತು" ಅಂದಳು ಅತ್ತೆ. ಅವಳು ಅಷ್ಟಕ್ಕೇ ಬಿಟ್ಟದ್ದು ನನಗೆ ಹಿಡಿಸಲಿಲ್ಲ.

ಸಂಜೆ ಜಗಲಿಯಲ್ಲಿ ಹರಿದ ಬಲೆ ಹೊಲಿಯುತ್ತಿದ್ದ ಮಾವ ಕೇಳಿದ, "ನೀ ಅದ್ರ ಬಾಜೂಗೆ ಮನೆ ಕಟ್ತ್ಯಾ?"

"ಕಟ್ತೆ" ಅಂದೆ. ಮನಸ್ಸಾರೆ ಅಂದೆ.

"ಗೊತ್ತುಂಟು. ನೀ ಸುಳ್ಳು ಹೇಳೂದಿಲ್ಲ. ಅದು ಊರಿಗೂ ಗೊತ್ತುಂಟು. ಅದ್ಕೇ ಹೇಳೂದು, ನಾಳೆ ಸಭೆಗೆ ಬರ್ಬೇಡ."

"ಎಂತಕ್ಕೆ?"

"ನೀ ಹೇಳಿದ್ರೆ ಅವ್ರೆಲ್ಲ ನಂಬ್ತಾರೆ. ಆ ಗಡಿಗೆ ಕಡೆಗೆ ಎಲ್ಲಿಗೆ ಹೋಗೂದು ಅಂತ ನಿಂಗೇ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಮ್ಮನೆ ಹುಡ್ಗಿ ಜಾಮೀನು ನಿಲ್ಲೂದು ಬೇಡ."

ನನ್ನ ತಲೆ ಕೆಟ್ಟಿತು. ನಾನು ಬಾಯಿ ಮುಚ್ಚಿ ಕೂತರೆ ಟೈ ಕಟ್ಟಿದ ಯಾವನೋ ಬಂದು ಬಣ್ಣದ ಚಿತ್ರ ತೋರಿಸಿ ಬೆಣ್ಣೆ ಹಚ್ಚಿ ಹೋಗುತ್ತಾನೆ, ಅದು ಬೇಕಾ ನಿಮಗೆ ಎಂದು ಕೂಗಾಡಿದೆ. ಮಾವ ಬಲೆಯಿಂದ ಕಣ್ಣು ತೆಗೆಯಲಿಲ್ಲ. "ಅವ್ನು ಹೇಳಿದ್ರೆ ಯಾರೂ ನಂಬೂದಿಲ್ಲಲ. ಒಳ್ಳೇದೇ ಆತು" ಅಂದ.

ನಾನು ಸಭೆಗೆ ಹೋದೆ. ಏನನ್ನೂ ಮುಚ್ಚಿಡಲಿಲ್ಲ. ಯಾವುದು ಸುಲಭ, ಯಾವುದು ಸುರಕ್ಷಿತ ಎಂದು ಹೇಳಿದೆ. ಹಳೆಯ ಗಡಿಗೆ ಇಲ್ಲೇ ಉಳಿಯುತ್ತದೆ, ಮುಂದಿನದು ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ಇದನ್ನು ಕೇಳಿದರೆ ಜನ ಎದ್ದು ಗಲಾಟೆ ಮಾಡುತ್ತಾರೆ ಅಂದುಕೊಂಡಿದ್ದೆ. ಆದದ್ದೇ ಬೇರೆ. "ನಮ್ಮ ಹುಡ್ಗಿ ಎಲ್ಲಾ ಬಿಚ್ಚಿ ಹೇಳ್ತಲ. ಮತ್ತೆಂತ ಹೆದ್ರಿಕೆ?" ಎಂದು ಹಿರಿಯರೊಬ್ಬರು ಎದ್ದರು. ಅವರ ಹಿಂದೆ ಒಂದೊಂದೇ ತಲೆ ಆಡಿತು. ಪರೀಕ್ಷೆಯವರು ಬರಲಿ ಎಂದಾಯಿತು. ಊರವರು ನನ್ನ ಯಂತ್ರವನ್ನು ತೂಗಿ ನೋಡಲೇ ಇಲ್ಲ, ನನ್ನನ್ನು ತೂಗಿ ನೋಡಿದರು. ಗೆದ್ದೆ ಅನಿಸಬೇಕಿತ್ತು, ಅನಿಸಲಿಲ್ಲ. ಮಾವ ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಮೊದಲೇ ಎದ್ದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಕಡಲಿಗೆ ರಂಪಣಿ ಬಿಟ್ಟಿದ್ದರು. ದೋಣಿಯಲ್ಲಿ ದೊಡ್ಡ ಬಲೆ ಒಯ್ದು ಬಾಗಿಸಿ ಹರಡಿ, ಎರಡೂ ಕಡೆಯ ಹಗ್ಗವನ್ನು ದಡದಿಂದ ಎಳೆಯುವುದು. ಈಗ ಅಪರೂಪ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲುಂಟು, ದಾರಿಹೋಕನಿಗೂ. ಹೊರಗಿನವರಿಗೆ ಮೊದಲು, ಅವರವರ ಚೀಲಕ್ಕೆ. ಊರವರಲ್ಲಿ ಎಷ್ಟು ಜನ ಎಳೆದಿದ್ದರೂ ಒಂದು ಮನೆಗೆ ಒಂದೇ ಬುಟ್ಟಿ. ಚಿಕ್ಕಂದಿನಿಂದ ನಾನು ಎಳೆದದ್ದೆಲ್ಲ ಮಾವನ ಬುಟ್ಟಿಗೇ ಬಿದ್ದಿದೆ.

ಅಂದೂ ಎಳೆದೆ. ಅಭ್ಯಾಸ ತಪ್ಪಿದ ಅಂಗೈ ಸುಲಿಯಿತು. ಬಂಗಡೆ, ತಾರ್ಲೆ ಚೆನ್ನಾಗಿಯೇ ಬಿದ್ದಿತ್ತು. ಪಾಲು ಹಂಚುವವನು ಮಾವ. ದೇವಸ್ಥಾನಕ್ಕೆಂದು ಬಂದು ಹಗ್ಗ ಹಿಡಿದಿದ್ದ ಹುಬ್ಬಳ್ಳಿ ಕಡೆಯ ಗಂಡಹೆಂಡತಿಗೆ ಮೊದಲು ಕೊಟ್ಟ. ಆಮೇಲೆ ಇನ್ನೊಂದು ಪ್ಲಾಸ್ಟಿಕ್ ಚೀಲ ಬಿಡಿಸಿದ. ಒಳ್ಳೊಳ್ಳೆಯ ಬಂಗಡೆಗಳನ್ನೇ ಆರಿಸಿ ತುಂಬಿ ನನ್ನ ಕೈಗೆ ಕೊಟ್ಟ. "ತಗ, ನಿನ್ ಪಾಲು" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಅಪ್ಪ ಬಾರದಿದ್ದ ದಿನವೂ ನಾನು ಅಷ್ಟು ಅನಾಥಳಾಗಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾವಿಕಟ್ಟೆಯಲ್ಲಿದ್ದಳು. ನನ್ನ ಕೈಯಲ್ಲಿದ್ದ ಚೀಲ ನೋಡಿದಳು. ಹಿಂದಿನಿಂದ ಬುಟ್ಟಿ ಹೊತ್ತು ಬಂದ ಮಾವನ ಮುಖ ನೋಡಿದಳು. ಅವನು ಬುಟ್ಟಿ ಇಳಿಸಿ ಕಾಲು ತೊಳೆಯತೊಡಗಿದ. ಅತ್ತೆ ಚೀಲಕ್ಕೆಂದು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆಳೆದು ಸೀರೆಗೆ ಒರೆಸಿಕೊಂಡಳು.

"ಐಸ್ ಹಾಕಿ ಕಟ್ಟಿಕೊಡ್ಲಾ?" ಎಂದು ಕೇಳಿದಳು. "ದೂರ ಹೋಗೂದಲ."