ನಡುವೂ ಅಲ್ಲ, ತೊಡೆಯೂ ಅಲ್ಲ

ಹೈದರಾಬಾದಿನ ಡಾಕ್ಟರೊಬ್ಬರು ನನ್ನ ತಂಗಿಯನ್ನು ನೋಡಿದ ಕೂಡಲೇ ‘ತುಂಟಿ’ ಅಂದರು. ಅವಳು ನೋವು ತಡೆಯಲಾರದೆ ಗೋಡೆ ಹಿಡಿದು ನಿಂತಿದ್ದಳು. ಅಂಥ ಹೊತ್ತಿನಲ್ಲಿ ಇದೆಂಥ ತಮಾಷೆ ಎಂದು ನನಗೆ ಸಿಟ್ಟು ಬಂತು. ಆದರೂ ಹಲ್ಲು ಕಿರಿದೆ. ದೊಡ್ಡವರು ಅರ್ಥವಾಗದ ಮಾತಾಡಿದರೆ ನಕ್ಕು ತಲೆಯಾಡಿಸಬೇಕು ಎಂಬುದನ್ನು ಆ ಊರು ಅಷ್ಟರಲ್ಲಿ ನನಗೆ ಕಲಿಸಿತ್ತು.

ತೆಲುಗಿನಲ್ಲಿ ತುಂಟಿ ಎಂದರೆ ನಡುವಿಗೆ ತೊಡೆ ಕೂಡುವ ಕೀಲು. ಇದು ನನಗೆ ಗೊತ್ತಾಗುವ ಹೊತ್ತಿಗೆ ತಂಗಿ ಹುಲಿಗೆಮ್ಮನ ಆ ಕೀಲು ಕೆಟ್ಟುಹೋಗಿತ್ತು. ಕೆಟ್ಟದ್ದು ಡಾಕ್ಟರ ತಪ್ಪಿನಿಂದ ಎಂದು ತುರ್ವಿಹಾಳದಿಂದ ಮಸ್ಕಿಯವರೆಗೆ ನಮ್ಮ ಜನವೆಲ್ಲ ನಂಬಿದ್ದಾರೆ. ಹಾಗಲ್ಲ. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರದ ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಇನ್ನೊಂದು ತಪ್ಪನ್ನು ಹಾಕಿಕೊಳ್ಳಬೇಕೆಂದು ಕೇಳುವುದಿಲ್ಲ.

ತುರ್ವಿಹಾಳ ಬಿಟ್ಟು ಹೈದರಾಬಾದಿಗೆ ಬಂದಾಗ ನನಗೆ ಮನೆಯೆಂದು ಸಿಕ್ಕಿದ್ದು ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಕೆಳಗಿನ ತಗಡಿನ ಶೆಡ್ಡು. ನಮ್ಮೂರಲ್ಲಿ ಬಾಗಿಲು ತೆರೆದರೆ ನೆಲ್ಲಿನ ಗದ್ದೆ, ಕಾಲುವೆಯ ನೀರಿನ ವಾಸನೆ. ಇಲ್ಲಿ ಬಾಗಿಲು ತೆರೆದರೆ ಸಿಮೆಂಟಿನ ಚೀಲ. ನೆಲ್ಲು ಬೆಳೆಯುವ ಊರಿನವನಾದರೂ ನಾನು ರೊಟ್ಟಿ ತಿಂದು ಬೆಳೆದವನು. ಇಲ್ಲಿ ಮೂರು ಹೊತ್ತೂ ಅನ್ನ. ತಿಂಗಳೊಪ್ಪತ್ತಿನ ಮೇಲೆ ಒಂದು ಸಂಜೆ ರಸ್ತೆ ಬದಿಯಲ್ಲಿ ಹೆಂಗಸೊಬ್ಬಳು ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಅಲ್ಲೇ ನಿಂತುಬಿಟ್ಟೆ. ‘ಜೊನ್ನ ರೊಟ್ಟೆ ರೆಂಡು’ ಎಂದು ಕೇಳಿದೆ. ಆಕೆಗೆ ನನ್ನ ತೆಲುಗು ತಿಳಿದು ಎರಡು ರೊಟ್ಟಿ ಕೊಟ್ಟಳು. ಆವತ್ತು ನಾನು ಆ ಊರು ಗೆದ್ದೆ ಅಂದುಕೊಂಡೆ.

ಹಾಗೆ ಗೆದ್ದವನ ಹಮ್ಮಿನಲ್ಲಿ ಎರಡು ವರ್ಷದ ಮೇಲೆ ತಂಗಿಯನ್ನೂ ಕೆಲಸಕ್ಕೆ ಕರೆಸಿಕೊಂಡೆ. ಊರಲ್ಲಿ ನಾಟಿ ಹಚ್ಚುವುದರಲ್ಲಿ ಅವಳ ಸಾಲು ಯಾವಾಗಲೂ ಎಲ್ಲರಿಗಿಂತ ಮುಂದೆ. ಬಗ್ಗಿದಳೆಂದರೆ ಬದು ಮುಟ್ಟಿಯೇ ಏಳುವವಳು. ಅವಳನ್ನು ಸಂತೆಗೆ ಕರೆದುಕೊಂಡು ಹೋಗಿ, ಬದನೆಕಾಯಿಯವನ ಜೊತೆ ತೆಲುಗಿನಲ್ಲಿ ಜೋರಾಗಿ ಚೌಕಾಸಿ ಮಾಡಿ ತೋರಿಸಿದೆ. ಹುಲಿಗೆಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಯಾಕೆ ನಕ್ಕಳೆಂದು ನಾನು ಕೇಳಲಿಲ್ಲ.

ಒಂದು ಮಧ್ಯಾಹ್ನ ಮರಳಿನ ಬುಟ್ಟಿ ಹೊತ್ತು ಇಳಿಯುವಾಗ ಅವಳು ಮೆಟ್ಟಿಲ ಮೇಲಿಂದ ಜಾರಿ ಎಡಮಗ್ಗುಲಿಗೆ ಬಿದ್ದಳು. ಎದ್ದಳು, ಕುಂಟುತ್ತ ನಡೆದಳು. ನಡೆದಳಲ್ಲ, ಎಲುಬು ಮುರಿದಿಲ್ಲ ಎಂದುಕೊಂಡೆವು. ಮರುದಿನ ದವಾಖಾನೆಯ ಬಾಗಿಲಲ್ಲಿ ಅವಳು ನನ್ನ ಕಿವಿ ಹತ್ತಿರ ಬಂದು ಹೇಳಿದಳು:

“ಅಣ್ಣಾ, ಟೊಂಕದಾಗ ಅಲ್ಲ. ತೊಡಿ ಸಂದಿನ್ಯಾಗ ನೋಯಾಕತ್ತೈತಿ. ಒಳಗ, ಆಳದಾಗ.”

ಅಷ್ಟು ಹೇಳಲಿಕ್ಕೇ ಅವಳ ಮುಖ ಕೆಂಪಾಗಿತ್ತು.

ಒಳಗೆ ಡಾಕ್ಟರು, ಇಬ್ಬರು ಗಂಡಾಳು ಸಹಾಯಕರು. ಬಾಗಿಲಲ್ಲಿ ನನ್ನ ಜೊತೆಯ ಕೂಲಿಯವರು ಇಣುಕುತ್ತಿದ್ದರು. ಎಲ್ಲಿ ನೋವು ಎಂದು ಡಾಕ್ಟರು ಕೇಳಿದರು: “ಎಕ್ಕಡಮ್ಮಾ ನೊಪ್ಪಿ? ತುಂಟಿಯಾ, ನಡುಮಾ?”

ತುಂಟಿ ಎಂದದ್ದು ತಮಾಷೆ ಅಂದುಕೊಂಡೆ. ನಡುಮು ಎಂದದ್ದು ನಮ್ಮ ‘ನಡು’ವೇ ಎಂದು ತಿಳಿಯಿತು. ಅವಳು ಹೇಳಿದ ಜಾಗ ನಡು ಅಲ್ಲವೆಂಬುದೂ ಗೊತ್ತಿತ್ತು. ಬೆರಳು ಮಾಡಿ ತೋರಿಸಿದ್ದರೆ ಸಾಕಿತ್ತು. ಆದರೆ ಅಷ್ಟು ಗಂಡಸರ ಮುಂದೆ ಒಡಹುಟ್ಟಿದವಳ ತೊಡೆಸಂದಿನ ಮಾತು ನನ್ನ ಬಾಯಲ್ಲಿ ಹೊರಳಲಿಲ್ಲ.

“ನಡುಮು ಸಾರ್” ಅಂದೆ.

ಡಾಕ್ಟರು ಅವಳತ್ತ ತಿರುಗಿ, “ನುವ್ವು ಚೆಪ್ಪಮ್ಮಾ” ಅಂದರು. ನೀನು ಹೇಳಮ್ಮಾ ಎಂದು. ಅವಳು ನನ್ನ ಮುಖ ನೋಡಿದಳು. ನಾನು ಅವಳಿಗೆ ಬಾಯಿ ತೆರೆಯಲು ಬಿಡದೆ ಮತ್ತೆ ಅಂದೆ, “ನಡುಮೇ ಸಾರ್.”

ಬೆನ್ನಿನ ಕೆಳಗೆ ಎಕ್ಸ್‌ರೇ ಫೋಟೋ ತೆಗೆದರು. ಏನೂ ಇರಲಿಲ್ಲ, ಇರಲಿಕ್ಕೆ ಸಾಧ್ಯವೂ ಇರಲಿಲ್ಲ. ಗುಳಿಗೆ, ಟೊಂಕಕ್ಕೊಂದು ಪಟ್ಟಿ ಕೊಟ್ಟು ಕಳಿಸಿದರು. ಪಟ್ಟಿ ಬಿಗಿದುಕೊಂಡು ಹುಲಿಗೆಮ್ಮ ಮತ್ತೆ ಕೆಲಸಕ್ಕೆ ಬಂದಳು. ಹಗುರ ಕೆಲಸ ಮಾಡು ಎಂದು ನಾನೇ ಹೇಳಿದ್ದೆ. ಮೂರು ವಾರದ ಮೇಲೆ ಒಂದು ಬೆಳಿಗ್ಗೆ, ಕುಕ್ಕರಗಾಲಲ್ಲಿ ಕುಳಿತು ಪಾತ್ರೆ ತಿಕ್ಕಿ ಏಳುವಾಗ ಒಳಗೆ ಟಕ್ ಎಂದಿತಂತೆ. ಅವಳು ಕೂಗಿದ ಕೂಗು ನಾಲ್ಕನೇ ಮಹಡಿಯಲ್ಲಿದ್ದ ನನಗೆ ಕೇಳಿಸಿತು. ಓಡಿ ಬಂದು ನೋಡಿದರೆ ಎಡಗಾಲು ಹೊರಕ್ಕೆ ಹೊರಳಿ ಬಿದ್ದಿತ್ತು. ಬಲಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು.

ದೊಡ್ಡ ದವಾಖಾನೆಯಲ್ಲಿ ಸ್ಕ್ರೂ ಹಾಕಿ ಕೂಡಿಸಿದರು. ವರ್ಷ ಕಳೆಯುವುದರೊಳಗೆ ತೊಡೆ ಎಲುಬಿನ ತಲೆ ಒಣಗಿಹೋಯಿತು. ಅವ್ವ ಬಂದು ಅವಳನ್ನು ಮಸ್ಕಿಗೆ, ಸೋದರಮಾವನ ಮನೆಯ ಪಡಸಾಲೆಗೆ ಕರೆದುಕೊಂಡು ಹೋದಳು. ಹೋಗುವಾಗ ಮೊದಲಿನ ಡಾಕ್ಟರಿಗೆ ಹಿಡಿಶಾಪ ಹಾಕಿದಳು:

“ಮುರದದ್ದು ಒಂದು ಕಡೆ, ಪಟ್ಟಿ ಕಟ್ಟಿದ್ದು ಒಂದು ಕಡೆ! ಯಾ ಸಾಲ್ಯಾಗ ಕಲತು ಬಂದಾನೋ ಏನೋ! ಅವನ ಕೈ ಸೇದಿಹೋಗ!”

ನಾನು ಗಂಟು ಕಟ್ಟುತ್ತಿದ್ದೆ.

ಆಮೇಲೆ ಕಟ್ಟಡದ ಕೆಲಸ ಬಿಟ್ಟು ಎಲುಬಿನ ದವಾಖಾನೆಯೊಂದರಲ್ಲಿ ಸ್ಟ್ರೆಚರ್ ತಳ್ಳುವ ಕೆಲಸಕ್ಕೆ ಸೇರಿಕೊಂಡೆ. ಅಲ್ಲಿ ವ್ಯಾಯಾಮ ಕಲಿಸುವ ಮೇಡಂ ಅವರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಕೀಲು ಇದೆ; ಅದನ್ನೇ ತುಂಟಿ ಎನ್ನುತ್ತಾರೆಂದು ಅಲ್ಲಿ ತಿಳಿಯಿತು. ದಿನಾ ಅದರ ಧೂಳು ಒರೆಸುವುದು ನನ್ನ ಕೆಲಸ. ಒಂದು ದಿನ ಅವರು ಗದರಿದರು: “ಏಮಯ್ಯಾ, ಎಷ್ಟು ಹೊತ್ತು ಒರೆಸುತ್ತೀ? ಮದುವೆ ಆಗ್ತೀಯೇನು ಅದನ್ನ?” ನಾನು ನಗಲಿಲ್ಲ. ಅವರು ನನ್ನ ಮುಖ ನೋಡಿ ಕೂರಿಸಿ, ಎಲ್ಲ ಬಿಚ್ಚಿ ತೋರಿಸಿದರು.

ತೊಡೆಯ ಎಲುಬು ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ. ಮೇಲೆ ಹೋಗಿ ಒಳಕ್ಕೆ ಓರೆಯಾಗಿ ತಿರುಗುತ್ತದೆ. ಆ ಓರೆಯ ಭಾಗಕ್ಕೆ ಕುತ್ತಿಗೆ ಎನ್ನುತ್ತಾರೆ. ಕುತ್ತಿಗೆಯ ತುದಿಗೆ ಚೆಂಡಿನಂಥ ತಲೆ. ಆ ತಲೆ ನಡುವಿನ ಎಲುಬಿನ ಬಟ್ಟಲಿನಲ್ಲಿ ಕೂತಿರುತ್ತದೆ. ಬಟ್ಟಲಿನ ಅಂಚಿಗೆ ಮೆತ್ತನೆಯ ಒಂದು ಸುತ್ತು, ಚೆಂಡು ಹೊರಗೆ ಜಾರದಂತೆ. ಎರಡರ ಮೈಮೇಲೂ ನುಣ್ಣನೆಯ ಪದರ. ಮುಂದುಗಡೆ ದಪ್ಪನೆಯ ಕಟ್ಟು; ಮೈಯಲ್ಲಿ ಅದರಷ್ಟು ಗಟ್ಟಿ ಕಟ್ಟು ಬೇರೆ ಇಲ್ಲವಂತೆ. ನಾವು ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಉಣ್ಣುವುದು, ಗದ್ದೆಯಲ್ಲಿ ಬಗ್ಗುವುದು, ಎಲ್ಲ ಆ ಚೆಂಡು ಆ ಬಟ್ಟಲಿನಲ್ಲಿ ತಿರುಗುವುದರಿಂದ. ನಾವು ಪಕ್ಕಕ್ಕೆ ಕೈಯಿಟ್ಟು ತೋರಿಸುವ ಉಬ್ಬು ಕೀಲಲ್ಲ. ಕೀಲಿರುವುದು ಮುಂದೆ, ಸಂದಿನ ಆಳದಲ್ಲಿ. ಅದರ ನೋವೂ ಅಲ್ಲೇ. ಹುಲಿಗೆಮ್ಮ ಹೇಳಿದ ಜಾಗ ಅದೇ.

ಪುಸ್ತಕದ ಕನ್ನಡದಲ್ಲಿ ಅದಕ್ಕೆ ಸೊಂಟದ ಕೀಲು, ಚಪ್ಪೆ ಕೀಲು ಎಂಬ ಹೆಸರುಗಳಿವೆಯಂತೆ. ನಮ್ಮ ಮನೆಯಲ್ಲಿ ಟೊಂಕ ಇತ್ತು, ತೊಡೆ ಇತ್ತು. ಎರಡರ ನಡುವಿನ ಆ ಜಾಗಕ್ಕೆ ನಾಚಿಕೆಯೊಂದೇ ಇತ್ತು.

“ಮತ್ತೆ ತಲೆ ಯಾಕೆ ಒಣಗುತ್ತದೆ ಮೇಡಂ?” ಎಂದು ಕೇಳಿದೆ. ಅವರು ಕುತ್ತಿಗೆಯ ಮೇಲೆ ಬರೆದಿದ್ದ ಕೆಂಪು ಗೆರೆಗಳ ಮೇಲೆ ಬೆರಳಾಡಿಸಿದರು. ಆ ತಲೆಗೆ ರಕ್ತ ಬರುವುದು ಬಹುಮಟ್ಟಿಗೆ ಕುತ್ತಿಗೆಯನ್ನು ಹತ್ತಿ ಬರುವ ಸಣ್ಣ ನಾಳಗಳಿಂದ. ನಮ್ಮ ಕಡೆ ಕಾಲುವೆಯ ಕೊನೆಯ ಹೊಲ ಇರುತ್ತದಲ್ಲ, ಹಾಗೆ. ಮೇಲೆ ಎಷ್ಟು ನೀರು ಹರಿದರೇನು, ತುದಿಯ ಸಣ್ಣ ಕಾಲುವೆ ಒಡೆದರೆ ಆ ಹೊಲಕ್ಕೆ ಹನಿ ಇಲ್ಲ. ಕುತ್ತಿಗೆಯಲ್ಲಿ ಬಿರುಕು ಬಿಟ್ಟರೂ ಒಮ್ಮೊಮ್ಮೆ ಎಲುಬು ಒಂದಕ್ಕೊಂದು ಕಚ್ಚಿಕೊಂಡು ನಿಂತಿರುತ್ತದೆ, ಮನುಷ್ಯ ನಡೆಯುತ್ತಾನೆ. ಆಗಲೇ ತಿಳಿದು ಸ್ಕ್ರೂ ಹಾಕಿದರೆ ತಲೆ ಬದುಕುವುದೇ ಹೆಚ್ಚು. ಎಲುಬು ಜಾರಿದ ಮೇಲೆ ನಾಳ ಕಡಿದುಹೋಗುತ್ತದೆ.

ಮೂರು ವಾರ ಅದು ಕಚ್ಚಿಕೊಂಡು ನಿಂತಿತ್ತು. ಆ ಮೂರು ವಾರವನ್ನು ಟೊಂಕದ ಪಟ್ಟಿಯಲ್ಲಿ ಕಳೆದವನು ನಾನು.

ಕೀಲು ಬದಲಿಸಬೇಕು ಎಂದು ಡಾಕ್ಟರು ಹೇಳಿದ ಸುದ್ದಿ ಬಂದಾಗ ಮಸ್ಕಿಗೆ ಹೋದೆ. ಮನೆಯಲ್ಲಿ ಎಲ್ಲರೂ ನೆಲದ ಮೇಲೆ, ಹುಲಿಗೆಮ್ಮ ಒಬ್ಬಳು ಕುರ್ಚಿಯ ಮೇಲೆ. ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ಅವ್ವ ನೀರಿಗೆ ಹೋದಾಗ ಎಲ್ಲ ಹೇಳಿದೆ. ನನಗೆ ತುಂಟಿ ಎಂಬ ಮಾತು ತಿಳಿಯದಿದ್ದದ್ದು, ತಿಳಿಯದೆಯೂ ತೋರಿಸಬಹುದಾಗಿದ್ದದ್ದು, ನಾಚಿದ್ದು.

ಅವಳು ಸೂಜಿ ನಿಲ್ಲಿಸಿದಳು. “ನಂಗ ಗೊತ್ತಿತ್ತು.”

“ಏನು?”

“ತುಂಟಿ ಅಂದ್ರ ಏನಂತ. ನೀ ಊರು ಬಿಟ್ಟ ಮ್ಯಾಲೆ ಊರ ಬಾಜೂಕ ಇರೋ ಆಂಧ್ರದವರ ಕ್ಯಾಂಪಿಗೆ ನಾಟಿ ಹಚ್ಚಾಕ ಹೊಕ್ಕಿದ್ದೆ. ಅಲ್ಲಿ ಮುದುಕ್ಯಾರು ದಿನಾ ಅದನ್ನ ಹಿಡಕೊಂಡು ನರಳತಿದ್ರು. ನೀ ನಡುಮು ಅಂದಾಗ, ಅಣ್ಣ ಶಹರದಾಗ ಇದ್ದಾಂವ, ಏನೋ ತಿಳದು ಹೇಳ್ಯಾನ ಅಂದ್ಕೊಂಡು ಬಾಯಿ ಮುಚ್ಚಿದೆ.” ಅವಳ ದನಿ ಏರಿತು. “ನಾಚಿಗ್ಗೆ ಹೇಳಿದ್ಯಾ? ನನ್ನ ಕಾಲು ನಿಂಗ ನಾಚಿಗಿ ಆತೇನು?”

ಅವಳೇ ಮತ್ತೆ ಕೇಳಿದಳು:

“ಆವತ್ತ ಹೇಳಿದ್ರ ಉಳೀತಿತ್ತೇನು?”

ಇಲ್ಲ ಎಂದರೆ ಅವಳಿಗೂ ಸಮಾಧಾನ, ನನಗೂ. ತುಟಿಯವರೆಗೆ ಬಂದಿತ್ತು. “ಉಳಿಯೋದೇ ಹೆಚ್ಚಿತ್ತು, ಹುಲಿಗಿ” ಅಂದೆ.

ಅವಳು ಸೀರೆಯ ಅಂಚನ್ನು ತೀಡಿದಳು. ಆಮೇಲೆ ಹೇಳಿದಳು: “ಆಪರೇಷನ್‌ಗೆ ಹೈದರಾಬಾದಿಗೆ ಬರಂಗಿಲ್ಲ ನಾನು. ಬಾಗಲಕೋಟಿಗೆ ಹೋಗ್ತೀನಿ. ನೀ ಬರಬ್ಯಾಡ. ನನ್ನ ನೋವು ನಾನ ಹೇಳಕೋತೀನಿ. ಅವ್ವಗ ಮಾತ್ರ ನೀನ ಹೇಳು. ನಿನ್ನ ಬಾಯಿಲೆ.”

ಆಪರೇಷನ್ನಿನ ದಿನ ನನಗೆ ಕೆಲಸದ ದವಾಖಾನೆಯಲ್ಲಿ ನಿಲ್ಲಲಾಗಲಿಲ್ಲ. ಮುಂಜಾನೆ ರಾಯಚೂರಿನ ಬಸ್ಸು ಹತ್ತಿ, ಅಲ್ಲಿಂದ ಲಿಂಗಸೂಗೂರಿಗೆ ಬಂದೆ. ಬಾಗಲಕೋಟೆಯ ಬಸ್ಸು ಎದುರಿಗೇ ನಿಂತಿತ್ತು. ಬರಬೇಡ ಎಂದಿದ್ದಾಳೆ. ಹತ್ತಲಿಲ್ಲ. ಅದು ಹೋಯಿತು, ಇನ್ನೊಂದು ಬಂತು. ಪಕ್ಕದಲ್ಲಿ ಕೂತಿದ್ದ ಹಟ್ಟಿ ಗಣಿ ಊರಿನ ಮುದುಕ, “ಯಾವ ಕಡೆ ಹೊಂಟೀರಿ?” ಎಂದು ಕೇಳಿದ. ಕನ್ನಡದಲ್ಲಿ ಕೇಳಿದವನಿಗೆ ನನ್ನ ಬಾಯಿಂದ ತೆಲುಗು ಬಂತು. ಅವನು ನನ್ನನ್ನು ತೆಲುಗಿನವನೆಂದುಕೊಂಡು ಆ ಕಡೆ ತಿರುಗಿದ.

ಮಧ್ಯಾಹ್ನ ಅವ್ವನ ಫೋನು ಬಂತು. “ಆತಪ್ಪ, ಚಲೋ ಆತು. ನಾಳೆ ಎಬ್ಬಿಸಿ ನಿಂದರಸ್ತಾರಂತ. ಡಾಕ್ಟ್ರಿಗೆ ಎಲ್ಲಾ ಆಕೀನ ಹೇಳಿದ್ಲು ನೋಡು, ಇಲ್ಲೇ ಅಂತ ಕೈಯಿಟ್ಟು. ಆ ಹೈದರಾಬಾದಿನ ಮುಠ್ಠಾಳಗ ಇಷ್ಟು ತಿಳೀಲಿಲ್ಲಲ್ಲ!”

“ಅವ್ವಾ...” ಅಂದೆ. ಅವ್ವನಿಗೆ ಓದು ಬರುವುದಿಲ್ಲ. ಯಾರಾದರೂ ಇದನ್ನು ಓದಿ ಹೇಳುವ ಮೊದಲು ನಾನೇ ಹೇಳಬೇಕು. ಇನ್ನೂ ಹೇಳಿಲ್ಲ.

“ಬಸ್ಸಿನ ಸಪ್ಪಳ ಕೇಳಾಕತ್ತೈತಿ. ಎಲ್ಲಿದ್ದೀಯೋ?”

“ಊರಾಗ ಅದೀನವ್ವಾ.”

“ಯಾ ಊರಾಗ?”

ನನ್ನ ಊರು ಯಾವುದೆಂದು ನಾನು ಹುಡುಕುತ್ತಿರುವಾಗಲೇ ಅವ್ವ, “ಇರಲಿ, ಹುಲಿಗಿ ಕರಿಯಾಕತ್ತಾಳ” ಎಂದು ಫೋನಿಟ್ಟಳು.