ಜಾರುಬಂಡೆಯ ಕಾನೂನು

ಕಳೆದ ಭಾನುವಾರ ನನ್ನ ಮಗಳು ನನ್ನನ್ನು ಸುಳ್ಳುಗಾರ ಅಂದಳು. ಅದೂ ಚಳ್ಳಕೆರೆಯ ಪಾರ್ಕಿನಲ್ಲಿ, ನಾಲ್ಕು ಜನ ಪೇರೆಂಟ್ಸ್ ಎದುರು.

ತಪ್ಪು ನನ್ನದೇ. ಎದೆಯೆತ್ತರದ ಪ್ಲಾಸ್ಟಿಕ್ ಸ್ಲೈಡು. ಕೆಳಗೆ ರಬ್ಬರ್ ಮ್ಯಾಟು. ಅದರ ಮೇಲೆ ನಮ್ಮ ಸಿಂಚನ ಕೂತಳೋ ಇಲ್ಲವೋ, ನಾನು "ನಿಧಾನ, ನಿಧಾನ! ಎರಡೂ ಕೈಯಲ್ಲಿ ಹಿಡ್ಕೋ!" ಎಂದು ಕಿರುಚಿಕೊಂಡೆ. ಹತ್ತು ವರ್ಷದ ಹುಡುಗಿ. (ನನಗೆ ಐವತ್ತೆರಡು. ಮದುವೆ ತಡ, ಮಗಳು ಇನ್ನೂ ತಡ. ಹಾಗಾಗಿ ಭಯ ಸ್ವಲ್ಪ ಜಾಸ್ತಿ.) ಅವಳು ಮೇಲೆ ಕೂತಲ್ಲಿಂದಲೇ ಕೇಳಿದಳು.

"ಅಪ್ಪಾ, ನೀನು ಗುಡ್ಡದ ಬಂಡೆ ಮೇಲಿಂದ ಜಾರ್ತಿದ್ದೆ ಅಂತ ಗ್ರೂಪಲ್ಲಿ ಹಾಕಿದ್ಯಲ್ಲ, ಅದು ಸುಳ್ಳು ತಾನೇ?"

ಗ್ರೂಪ್ ಅಂದರೆ ಅವಳ ಸ್ಕೂಲಿನ ಪೇರೆಂಟ್ಸ್ ವಾಟ್ಸಾಪ್ ಗ್ರೂಪು. ನಿಮ್ಮ ಗ್ರೂಪಿಗೂ ಆ ಮೆಸೇಜು ಬಂದೇ ಇರುತ್ತದೆ. ನಾವು ಮಣ್ಣಲ್ಲಿ ಬಿದ್ದು ಎದ್ದವರು, ಬೋರ್‌ವೆಲ್‌ಗೆ ಬಾಯಿ ಹಚ್ಚಿ ನೀರು ಕುಡಿದವರು, ಹೆಲ್ಮೆಟ್ ಸ್ಯಾನಿಟೈಸರ್ ಏನೂ ಇಲ್ಲದೆ ಬದುಕಿ ಬಂದವರು, ಈಗಿನ ಮಕ್ಕಳಿಗೆ ಏನು ಗೊತ್ತು, ಇತ್ಯಾದಿ. ನಾನಂತೂ ಅದಕ್ಕೆ ಸ್ವಂತ ಒಗ್ಗರಣೆ ಕೊಟ್ಟು ನಮ್ಮೂರ ಜಾರುಬಂಡೆಯ ಕಥೆ ಬರೆದಿದ್ದೆ. ಮೂರಾಳೆತ್ತರದ ಬಂಡೆ, ದಿನಕ್ಕೆ ಇಪ್ಪತ್ತು ಸಲ ಜಾರುವುದು, ಮೊಣಕೈ ಕಿತ್ತುಹೋದರೆ ಮಣ್ಣು ಮೆತ್ತಿಕೊಂಡು ಮತ್ತೆ ಹತ್ತುವುದು. ಹೆಬ್ಬೆರಳುಗಳ ಸುರಿಮಳೆಯಾಗಿತ್ತು. ಅಂಥವನು ಪ್ಲಾಸ್ಟಿಕ್ ಸ್ಲೈಡಿಗೆ ಹೆದರಿದರೆ ಯಾವ ಮಗು ನಂಬೀತು ಹೇಳಿ?

"ನಡಿ, ತೋರಿಸ್ತೀನಿ" ಅಂದೆ. ಬಾಯಿ ತಪ್ಪಿ ಬಂದ ಮಾತು. ಮಕ್ಕಳು ಅಂಥ ಮಾತನ್ನು ಬಿಡುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ರಾಂಪುರದಲ್ಲಿ ಗೌರಕ್ಕನ ಮನೆಗೆ ಹೋದೆವು. ಗೌರಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಐದು ವರ್ಷ ದೊಡ್ಡವಳು. ಭಾವನದು ಅಲ್ಲಿ ಶೇಂಗಾ ವ್ಯಾಪಾರ. ಸಿಂಚನ ರೊಟ್ಟಿ ಮುರಿಯುವ ಮೊದಲೇ ವಿಚಾರಣೆ ಶುರು ಮಾಡಿದಳು. "ಅತ್ತೇ, ಅಪ್ಪ ನಿಜವಾಗ್ಲೂ ಬಂಡೆ ಮೇಲೆ ಜಾರ್ತಿದ್ನಾ?"

"ಜಾರ್ತಿದ್ನೇ? ಅವನ ಚಡ್ಡಿಗೆ ತೇಪೆ ಹಾಕಿ ಹಾಕಿ ನನ್ನ ಬೆರಳು ತೂತು ಬಿದ್ದೈತೆ, ನೋಡಿಲ್ಲಿ" ಅಂದಳು ಅಕ್ಕ.

ಇದು ಮಾತ್ರ ನಿಜ. ವರ್ಷಕ್ಕೆ ಎರಡೇ ಖಾಕಿ ಚಡ್ಡಿ. ಹರಿದದ್ದು ಅಪ್ಪನ ಕಣ್ಣಿಗೆ ಬಿದ್ದರೆ ಬೆನ್ನು ಹಣ್ಣಾಗುತ್ತಿತ್ತು. ಅದಕ್ಕೇ ಅಕ್ಕ ಅಪ್ಪ ಮನೆಗೆ ಬರುವ ಮುಂಚೆಯೇ ಕೂತು ಹೊಲಿಯುತ್ತಿದ್ದಳು. ಒಮ್ಮೆ ದಾರ ಸಿಗದೆ, ಪಕ್ಕದ ಮನೆಯ ಮಗ್ಗದಿಂದ ರೇಷ್ಮೆ ಎಳೆ ಇಸಿದುಕೊಂಡು ಬಂದು ತೇಪೆ ಹಾಕಿದಳು. ಕಡುಗುಲಾಬಿ ಬಣ್ಣ. ಮೊಳಕಾಲ್ಮುರು ಸೀರೆಗೆ ಹೋಗಬೇಕಾದ ರೇಷ್ಮೆ ನನ್ನ ಕುಂಡಿಗೆ ಬಂತು. ಇಡೀ ಕ್ಲಾಸು ವಾರಗಟ್ಟಲೆ ನಕ್ಕಿತು.

"ನಾನೂ ಬರ್ತೀನಿ ನಡೀರಿ" ಎಂದು ಅಕ್ಕ ಕೈ ತೊಳೆದು ಹೊರಟೇಬಿಟ್ಟಳು. ಭಾವ ಆಗಲೇ ಗೊರಕೆ ಹೊಡೆಯುತ್ತಿದ್ದರು.

ನಮ್ಮ ಊರು ಸಿದ್ದಾಪುರದ ಪಕ್ಕ. ಊರ ಹಿಂದೆ ಗುಡ್ಡ, ಗುಡ್ಡದ ಮಗ್ಗುಲಲ್ಲಿ ಆ ಬಂಡೆ. (ಅಶೋಕನ ಶಾಸನದ ಬಂಡೆ ಅಲ್ಲ ಸ್ವಾಮಿ. ಅದಕ್ಕೆ ಕಾವಲು, ಬೋರ್ಡು ಎಲ್ಲಾ ಇದೆ. ನಮ್ಮದಕ್ಕೆ ಯಾವ ಬೋರ್ಡೂ ಇಲ್ಲ.) ದೊಡ್ಡವರಾದ ಮೇಲೆ ಹೋಗಿ ನೋಡಿದರೆ ಬಾಲ್ಯದ ಜಾಗಗಳೆಲ್ಲ ಚಿಕ್ಕದಾಗಿ ಕಾಣುತ್ತವೆ ಎಂದು ಬರೆದವರು ಬೇಕಾದಷ್ಟು ಜನ. ಅವರು ಯಾವ ಊರಿನವರೋ ಗೊತ್ತಿಲ್ಲ. ನನ್ನ ಕಣ್ಣಿಗೆ ಅದು ಮೊದಲಿನ ಎರಡರಷ್ಟಾಗಿತ್ತು. ಇಷ್ಟು ಕಡಿದಾದ ಜಾಗದಿಂದ ನಮ್ಮನ್ನು ಜಾರಲು ಬಿಟ್ಟವರು ಯಾರು? ಅವ್ವನಿಗೆ ತಲೆ ಕೆಟ್ಟಿತ್ತಾ?

"ಮೊದಲು ನೀನು" ಅಂದಳು ಸಿಂಚನ.

ಬಳಸುದಾರಿಯಲ್ಲಿ ಏದುಸಿರು ಬಿಡುತ್ತಾ ಹತ್ತಿದೆ. ತುದಿಯಲ್ಲಿ ಕೂತೆ. ಕೆಳಗೆ ನೋಡಿದೆ. ನೋಡಬಾರದಿತ್ತು.

"ಲೇ, ಸೊಪ್ಪೆಲ್ಲೋ?" ಕೆಳಗಿನಿಂದ ಅಕ್ಕ ಕೂಗಿದಳು. "ಹೊಂಗೆ ಟೊಂಗೆ ಇಲ್ದೆ ಕುಂತಿದೀಯಲ್ಲೋ! ಕಡ್ಡಿ ಕೈಯಾಗೆ ಹಿಡೀಬೇಕು, ಎಲೆ ಅಡಿಯಾಗೆ ಇರ್ಬೇಕು. ನಡುವೆ ಗೂನು ಬರ್ತೈತೆ, ಅಲ್ಲಿ ಬಲಕ್ಕೆ ವಾಲು. ಎಡಕ್ಕೆ ವಾಲಿದ್ಯೋ, ಜಾಲಿಮುಳ್ಳು!"

ನಾನು ಸೊಪ್ಪನ್ನೇ ಮರೆತಿದ್ದೆ. ಕಥೆ ಬರೆಯುವಾಗಲೂ ಅದು ನೆನಪಾಗಿರಲಿಲ್ಲ. ಈಗ ಮತ್ತೆ ಇಳಿದು ಟೊಂಗೆ ಮುರಿದುಕೊಂಡು ಹತ್ತುವ ಶಕ್ತಿ ಯಾರಿಗಿದೆ? ಬರೀ ಪ್ಯಾಂಟಿನಲ್ಲೇ, ಕೈಯೂರಿ, ಗೇಣು ಗೇಣೇ ಕೆಳಗೆ ಬಂದೆ. ಅದನ್ನು ಜಾರುವುದು ಅನ್ನಲಾಗದು, ತೆವಳಿದೆ ಅಂತಲೇ ಹೇಳಬೇಕು. ಸಿಂಚನ ಪೂರ್ತಿ ವಿಡಿಯೋ ಮಾಡಿಕೊಂಡಳು.

"ಅಲ್ಲಕ್ಕಾ, ಗೂನು, ಬಲಕ್ಕೆ ವಾಲೋದು, ಇದೆಲ್ಲ ನಿನಗೆ ಹೆಂಗೆ ಗೊತ್ತು? ನೀನು ಯಾವತ್ತೂ ಜಾರಿಲ್ಲವಲ್ಲ?"

"ಚಡ್ಡಿ ನೋಡಿದ್ರೆ ಗೊತ್ತಾಗಲ್ವೇನೋ? ಎಡಗಡೆ ಹರಿದಿದ್ರೆ ಗೂನಿನ ಹತ್ರ ತಪ್ಪಿದೀಯ ಅಂತ. ಹಸಿರು ಕಲೆ ಇಲ್ದಿದ್ರೆ ಸೊಪ್ಪು ಹಾಕಿಲ್ಲ ಅಂತ. ಐದು ವರ್ಷ ಹೊಲಿದೀನಿ."

ಅಷ್ಟರಲ್ಲಿ ಸಿಂಚನ ಒಂದು ಟೊಂಗೆ ಮುರಿದುಕೊಂಡು ಹತ್ತಲು ಹೊರಟಿದ್ದಳು. "ವದ್ದಮ್ಮಾ, ವದ್ದು!" ಎಂದು ಯಾರೋ ತೆಲುಗಿನಲ್ಲಿ ಕೂಗಿದರು. ಕುರಿ ಮೇಯಿಸುತ್ತಿದ್ದ ಓಬಳೇಶ. ನಮ್ಮೂರವನೇ, ನನಗಿಂತ ಏಳೆಂಟು ವರ್ಷ ಚಿಕ್ಕವನು. ಗುರುತು ಹಿಡಿದು ನಮಸ್ಕಾರ ಮಾಡಿ ಹೇಳಿದ, "ಬ್ಯಾಡ ಸಾರ್, ಪಾಪನ್ನ ಕರೀರಿ. ಆಡಪಿಲ್ಲಲು ಈ ಬಂಡೆ ಮ್ಯಾಗೆ ಜಾರಬಾರದು. ಹೆಣ್ಮಕ್ಕಳು ಜಾರಿದ್ರೆ ಮಳೆ ಹೋಗ್ತೈತೆ."

"ಯಾರು ಹೇಳಿದ್ದು?" ಎಂದು ಸಿಂಚನ ಕೇಳಿದಳು.

"ಯಾರ್ ಹೇಳೋದು ತಾಯಿ, ತಾತ ಮುತ್ತಾತನ ಕಾಲದ ಪದ್ಧತಿ ಇದು."

ಅಕ್ಕ ನನ್ನ ಮುಖ ನೋಡಿದಳು. ನನಗೆ ಒಮ್ಮೆಲೇ ಎಲ್ಲ ನೆನಪಾಯಿತು.

ಅದು ತಾತನ ಕಾಲದ್ದಲ್ಲ. ಮುತ್ತಾತನದಂತೂ ಅಲ್ಲವೇ ಅಲ್ಲ. ಅದು ನನ್ನದು.

ಆಗ ನನಗೆ ಒಂಬತ್ತು, ಅಕ್ಕನಿಗೆ ಹದಿನಾಲ್ಕು. ಶಾಲೆಗೆ ರಜ. ನಮಗೆ ಬುತ್ತಿ ತಂದವಳು ಅದನ್ನು ಕೆಳಗಿಟ್ಟು, ಲಂಗ ಎತ್ತಿ ಕಟ್ಟಿ, ಟೊಂಗೆ ಹಿಡಿದು ಹತ್ತತೊಡಗಿದಳು. ನಾವು ಐದು ಜನ ಹುಡುಗರು. ಇನ್ನೊಬ್ಬರು ಸೇರಿದರೆ ಸರದಿ ತಡವಾಗುತ್ತೆ. ಅದಕ್ಕಿಂತ ಹೆಚ್ಚಾಗಿ, ಅಕ್ಕನೂ ಜಾರಿಬಿಟ್ಟರೆ ನಮ್ಮ ಗಂಡಸ್ತನಕ್ಕೆ ಏನು ಬೆಲೆ ಉಳೀತು? ಬಾಯಿಗೆ ಬಂದದ್ದು ಕೂಗಿದೆ. "ಹೆಣ್ಮಕ್ಕಳು ಜಾರಿದ್ರೆ ಮಳೆ ಹೋಗ್ತೈತಂತೆ!" ಉಳಿದ ನಾಲ್ವರೂ ಹೌದೌದು ಅಂದರು. ನಮ್ಮ ಕಡೆ ಮಳೆಯ ಹೆಸರು ಹೇಳಿದ ಮೇಲೆ ಮುಗೀತು, ಯಾರೂ ಎದುರಾಡುವುದಿಲ್ಲ. ಅರ್ಧ ದಾರಿಯಲ್ಲಿದ್ದ ಅಕ್ಕ ಇಳಿದು ಬಂದಳು. ಲಂಗ ಸರಿ ಮಾಡಿಕೊಂಡು ಬುತ್ತಿ ಬಿಚ್ಚಿ ಬಡಿಸಿದಳು.

ಆ ವರ್ಷ ಮಳೆ ಚೆನ್ನಾಗಿ ಬಂತು. ಅದೇ ಎಡವಟ್ಟಾಯಿತು. ಮಾತು ರುಜುವಾತಾಯಿತು ಎಂದು ಊರೆಲ್ಲ ನಂಬಿಕೊಂಡಿತು.

ಹೇಳಲೇಬೇಕಿತ್ತು. ಹೇಳಿದೆ. "ಓಬಳೇಶ, ಅದು ಪದ್ಧತಿ ಅಲ್ಲಪ್ಪಾ. ಸುಳ್ಳು. ನಾನೇ ಹುಟ್ಟಿಸಿದ್ದು, ಚಿಕ್ಕವನಿದ್ದಾಗ."

ಓಬಳೇಶ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. "ತಮಾಷೆ ಮಾಡ್ತೀರ ಸಾರ್. ನಮ್ಮಪ್ಪ ಹೇಳ್ತಿದ್ದ, ಇದು ಅಶೋಕನ ಕಾಲದಿಂದ ಐತೆ ಅಂತ."

ಎರಡು ಸಲ ಆಣೆ ಇಟ್ಟೆ. ನಂಬಲಿಲ್ಲ. ಒಂಬತ್ತು ವರ್ಷದವನು ಹೇಳಿದ ಸುಳ್ಳನ್ನು ಇಡೀ ಊರು ನಂಬಿತು. ಐವತ್ತೆರಡರವನು ಹೇಳಿದ ನಿಜವನ್ನು ಒಬ್ಬ ಕುರಿಗಾಹಿ ನಂಬಲಿಲ್ಲ. (ಇನ್ನು ನನ್ನ ಈ ಅಂಕಣವನ್ನು ಯಾರು ನಂಬುತ್ತಾರೋ ದೇವರಿಗೇ ಗೊತ್ತು.) ನಗು ಬಂತು, ನಗಲಾಗಲಿಲ್ಲ. ನಾಲ್ಕು ದಶಕಗಳಲ್ಲಿ ಈ ಬಂಡೆಯ ಬುಡದವರೆಗೆ ಬಂದು ವಾಪಸ್ ಹೋದ ಹುಡುಗಿಯರು ಎಷ್ಟು ಜನ? ನನಗೆ ನಿಜಕ್ಕೂ ನಾಚಿಕೆಯಾಯಿತು.

"ಅಪ್ಪಾ, ಅತ್ತೆಗೇ ಹಂಗೆ ಹೇಳಿದ್ಯಾ?" ಸಿಂಚನ ಮೆಲ್ಲಗೆ ಕೇಳಿದಳು. ಸುಳ್ಳುಗಾರ ಅಂದಾಗಿನ ದನಿಯೇ ವಾಸಿಯಿತ್ತು.

ಅಕ್ಕ ಹೊಂಗೆ ಮರದ ಹತ್ತಿರ ಹೋಗಿ ಒಂದೊಂದೇ ಟೊಂಗೆ ಬಗ್ಗಿಸಿ ನೋಡಿದಳು. ದಟ್ಟ ಎಲೆಯದ್ದೊಂದನ್ನು ಆರಿಸಿ ಮುರಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆಯನ್ನು ಕಚ್ಚೆ ಮಾಡಿ ಕಟ್ಟಿದಳು.

ನಾನು ಅಡ್ಡ ಬಂದೆ. "ಅಕ್ಕಾ, ಬ್ಯಾಡ. ಶುಗರ್ ಐತೆ ನಿನಗೆ. ಮಂಡಿ ಬೇರೆ ನೋವು. ಬಿದ್ದು ಗಿದ್ದು ಮೂಳೆ ಮುರ್ಕೊಂಡ್ರೆ ಭಾವಂಗೆ ನಾನೇನ್ ಹೇಳ್ಲಿ?"

"ಮಳೆ ಹೋಗ್ತೈತೆ ಅಂತಾದ್ರೂ ಹೇಳು" ಅಂದಳು ಅಕ್ಕ.

ಓಬಳೇಶ ಕೈ ಮುಗಿದ. "ಅಮ್ಮಾ, ನನ್ನ ಶೇಂಗಾಕ್ಕೆ ಇನ್ನೊಂದು ಮಳೆ ಬೇಕಮ್ಮಾ."

"ಬರ್ಲಿಲ್ಲ ಅಂದ್ರೆ ಚಳ್ಳಕೆರೆಗೆ ಹೋಗಿ ಇವನ ಮನೆ ಮುಂದೆ ಕುಂತ್ಕೋಪ್ಪಾ. ಊಟ ಹಾಕ್ತಾನೆ."

ಅಕ್ಕ ಹತ್ತಿದಳು. ನಾಲ್ಕು ಕಡೆ ನಿಂತಳು, ಮಂಡಿ ಹಿಡಿದುಕೊಂಡಳು, ಮತ್ತೆ ಹತ್ತಿದಳು. ಸಿಂಚನ ಹಿಂದೆಯೇ ಹೋದಳು. "ಹುಷಾರು" ಅನ್ನಬೇಕು ಅನ್ನಿಸಿತು, ಯಾರಿಗೆ ಅನ್ನಬೇಕೋ ತಿಳಿಯಲಿಲ್ಲ. ತುದಿಯಲ್ಲಿ ಅಕ್ಕ ಎಲೆಯನ್ನು ಅಡಿಗೆ ಹರವಿ, ಕಡ್ಡಿ ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಳು. ನಾನು ಕೆಳಗೆ ಎರಡು ಕೈ ಚಾಚಿ ನಿಂತೆ, ಹಿಡಿದೇಬಿಡುವವನಂತೆ.

ಸರ್ರೆಂದು ಬಂದಳು. ಗೂನಿನ ಹತ್ತಿರ ಬಲಕ್ಕೆ ವಾಲಿದಳು. ಎಷ್ಟು ಬೇಕೋ ಅಷ್ಟೇ. ನನಗೆ ಐದು ವರ್ಷ ಜಾರಿಯೂ ಒಮ್ಮೆಯೂ ಅಷ್ಟು ನೇರಕ್ಕೆ ಬರಲಾಗಿರಲಿಲ್ಲ. ಬುಡದ ಮರಳಿನಲ್ಲಿ ಕಾಲೂರಿ ನಿಂತಳು. ಕೂದಲು ಬಿಚ್ಚಿಹೋಗಿತ್ತು, ಒಂದು ಚಪ್ಪಲಿ ಎಲ್ಲೋ ಹಾರಿತ್ತು, ಕಣ್ಣಲ್ಲಿ ನೀರು. ಗಾಳಿಗೆ ಬಂದದ್ದೋ ಬೇರೆಯದಕ್ಕೋ ಕೇಳುವ ಧೈರ್ಯ ನನಗಿರಲಿಲ್ಲ. ಮೇಲಿನಿಂದ ಸಿಂಚನ ಕೇಕೆ ಹಾಕಿ, ತಾನೂ ಜಾರಿ ಬಂದು ಅತ್ತೆಯ ಕಾಲಿಗೇ ಡಿಕ್ಕಿ ಹೊಡೆದಳು. ಮೊಣಕೈ ಸ್ವಲ್ಪ ತರಚಿತ್ತು. ನಾನು ಕರ್ಚೀಫು ತೆಗೆಯುವಷ್ಟರಲ್ಲಿ ಅವಳು ಅದಕ್ಕೆ ಮಣ್ಣು ಮೆತ್ತಿಕೊಂಡಾಗಿತ್ತು. ಓಬಳೇಶ ಆಕಾಶ ನೋಡುತ್ತಿದ್ದ.

ಅಕ್ಕ ಉಸಿರು ಸುಧಾರಿಸಿಕೊಂಡಳು. ಸೊಪ್ಪಿನ ಟೊಂಗೆ ಇನ್ನೂ ಕೈಯಲ್ಲೇ ಇತ್ತು. ಬಂಡೆಯ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು.

"ಇನ್ನೊಂದ್ಸಲ ಹೋಗ್ಲೇನೋ?"

ಐವತ್ತೇಳು ವರ್ಷದ ಅಕ್ಕ ಇದನ್ನು ನನ್ನನ್ನು ಯಾಕೆ ಕೇಳಬೇಕಿತ್ತು?