ಕೆಂಪು ಪುಡಿಯ ಹದ

ತಿಪಟೂರಿನ ಕಾಲೇಜೊಂದರಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದ ಲ್ಯಾಬಿನಲ್ಲಿ ಇದ್ದದ್ದು ಒಂದೇ ಫ್ರಿಜ್. ಅದರ ಮೇಲಿನ ಖಾನೆಯಲ್ಲಿ ನಮ್ಮೆಲ್ಲರ ಊಟದ ಡಬ್ಬಿಗಳು, ನಮ್ಮ ಗೈಡ್ ಮೇಡಂ ಮನೆಯಿಂದ ತರುತ್ತಿದ್ದ ಮೊಸರು, ಅವುಗಳ ನಡುವೆಯೇ ಕೆಂಪು ಪುಡಿಯ ಬಾಟಲಿ. ಲ್ಯಾಬಿನ ಫ್ರಿಜ್ಜಿನಲ್ಲಿ ತಿನ್ನುವ ಪದಾರ್ಥ ಇಡಬಾರದು ಎಂದು ಬಾಗಿಲ ಮೇಲೆ ಚೀಟಿ ಅಂಟಿಸಿದವರೂ ಮೇಡಮ್ಮೇ. ಚೀಟಿಯ ಪಾಡಿಗೆ ಚೀಟಿ ಇತ್ತು, ಮೊಸರಿನ ಪಾಡಿಗೆ ಮೊಸರು.

ಆ ಪುಡಿ ದನದ ಚರ್ಮದ್ದು. ಚರ್ಮದಲ್ಲಿರುವ ಕೊಲಾಜನ್ ಎಂಬ ನಾರನ್ನು ಪುಡಿ ಮಾಡಿ, ಅದಕ್ಕೆ ಕೆಂಪು ಬಣ್ಣ ಕಟ್ಟಿ ಬಾಟಲಿಗೆ ತುಂಬಿರುತ್ತಾರೆ. ಬರೀ ನೀರಿನಲ್ಲಿ ಅದು ಕರಗುವುದಿಲ್ಲ, ಬಣ್ಣವನ್ನೂ ಬಿಡುವುದಿಲ್ಲ. ಕೊಲಾಜನ್ನನ್ನು ಕತ್ತರಿಸುವ ಕಿಣ್ವ ಹಾಕಿ, ಬೆಚ್ಚಗಿಟ್ಟು ಅಲುಗಾಡಿಸಿದರೆ ನಾರು ತುಂಡಾಗಿ, ತುಂಡಿನ ಜೊತೆ ಬಣ್ಣವೂ ನೀರಿಗೆ ಇಳಿಯುತ್ತದೆ. ಸೋಸಿ, ಆ ನೀರು ಎಷ್ಟು ಕೆಂಪಾಗಿದೆ ಎಂದು ಯಂತ್ರದಲ್ಲಿ ಅಳೆದರೆ ಕಿಣ್ವ ಎಷ್ಟು ಕೆಲಸ ಮಾಡಿದೆ ಎಂದು ತಿಳಿಯುತ್ತದೆ. ಪುಡಿ ಯಾವುದರಿಂದ ಮಾಡಿದ್ದು ಎಂದು ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇಂಗ್ಲಿಷಿನಲ್ಲಿ ಇದ್ದದ್ದರಿಂದಲೋ ಏನೋ ಮೊಸರಿಗೆ ಮೈಲಿಗೆಯಾಗಲಿಲ್ಲ. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ ಇಟ್ಟ ಕೈಯಲ್ಲೇ ಮೇಡಂ ಆ ಬಾಟಲಿಗೂ ಒಂದು ಬೊಟ್ಟು ಇಟ್ಟಿದ್ದರು.

ನನಗೆ ಕೊಟ್ಟಿದ್ದ ವಿಷಯ ತೆಂಗಿನಕಾಯಿ ಮಟ್ಟೆಯ ರಸ. ನಮ್ಮ ಸೀಮೆಯಲ್ಲಿ ಮಟ್ಟೆಗೆ ಬರವಿಲ್ಲ, ಯಾವ ತೋಟದ ಬದುವಿನಲ್ಲಿ ನೋಡಿದರೂ ರಾಶಿ ಬಿದ್ದಿರುತ್ತದೆ. ಅದರ ರಸ, ನಮ್ಮ ಮೈಯ ಕೊಲಾಜನ್ನನ್ನೂ ಸವೆಸುವ ಈ ಬಗೆಯ ಕಿಣ್ವವನ್ನು ತಡೆದರೆ ಸುಕ್ಕುಗಟ್ಟುವ ಮುಖಕ್ಕೂ ಸವೆಯುವ ಮಂಡಿಗೂ ಔಷಧವಾದೀತು ಎಂಬುದು ಮೇಡಂ ಅವರ ಕನಸು. ಮಟ್ಟೆಯ ರಸ ಸೇರಿಸಿದಾಗಲೆಲ್ಲ ನೀರು ಕೆಂಪಾಗಲಿಲ್ಲ. ಪುಡಿ ತಳದಲ್ಲಿ ಹಾಗೇ ಕೂತಿತ್ತು. ಕಿಣ್ವ ನಿಂತೇಹೋಯಿತು ಎಂದು ಮೇಡಂ ಎಲ್ಲರಿಗೂ ಖಾರಾಬೂಂದಿ ತರಿಸಿ ಹಂಚಿದರು.

ನಾನು ಬೂಂದಿಯ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕಿಟ್ಟೆ. ಸೋಸಿದ ಕಾಗದದ ಮೇಲೆ ಉಳಿದಿದ್ದ ಪುಡಿಯನ್ನು ಆಗಲೇ ಬೆರಳಲ್ಲಿ ಉಜ್ಜಿ ನೋಡಿದ್ದೆ. ಹೊಸ ಪುಡಿ ನೆನೆದರೆ ಮೆತ್ತಗಾಗಿ ಉಬ್ಬುತ್ತದೆ. ಇದು ಗಡುಸಾಗಿ, ಕಂದುಗೆಂಪಿಗೆ ತಿರುಗಿತ್ತು. ಮೂಗಿನ ಹತ್ತಿರ ಹಿಡಿದೆ. ಆ ವಾಸನೆ ನನಗೆ ಗೊತ್ತಿತ್ತು.

ದಬ್ಬೇಘಟ್ಟದ ಕಡೆ ನಮ್ಮೂರಿನ ಕೇರಿಯಲ್ಲಿ ನಮ್ಮ ತಾತ ಚರ್ಮದ ಕೆಲಸ ಮಾಡುತ್ತಿದ್ದರು. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ಚರ್ಮವನ್ನು ಚೀಲದ ಹಾಗೆ ಹೊಲಿದು, ಒಳಗೆ ತಂಗಡಿ ಗಿಡದ ತೊಗಟೆಯನ್ನೂ ನೀರನ್ನೂ ತುಂಬಿ ಹೊಂಗೆಮರಕ್ಕೆ ನೇತುಹಾಕುತ್ತಿದ್ದರು. ತೊಗಟೆಯ ಒಗರು ಇಳಿದು ಚರ್ಮ ಹದವಾಗುತ್ತಿತ್ತು. ಹದವಾದ ಚರ್ಮ ಕೊಳೆಯುವುದಿಲ್ಲ. ಮುದ್ದೆಗೂ ಹೊಲಕ್ಕೂ ಎಲ್ಲರೂ ಹದ ಅನ್ನುತ್ತಾರೆ, ತಾತನ ಬಾಯಲ್ಲಿ ಮಾತ್ರ ಆ ಮಾತಿಗೆ ಚರ್ಮದ ಅರ್ಥವೊಂದೇ. ಅಪ್ಪ ಮೇಷ್ಟರಾಗಿ ತುರುವೇಕೆರೆಯಲ್ಲಿ ಮನೆ ಮಾಡಿದ ಮೇಲೆ ಆ ಅರ್ಥ ನಮ್ಮ ಮನೆಯೊಳಗೆ ಬರಲಿಲ್ಲ. ನೀವು ಯಾವ ಪೈಕಿ ಎಂದು ಯಾರಾದರೂ ಕೇಳಿದರೆ ಅಪ್ಪ "ಬೇಸಾಯದೋರು" ಅನ್ನುತ್ತಿದ್ದರು. ಬಾಡಿಗೆ ಮನೆ ಸಿಗಬೇಕಿತ್ತು, ಸಿಕ್ಕಿತು.

ಮಟ್ಟೆಯ ರಸವೂ ಒಗರೇ. ಎಳನೀರಿನ ಕರೆ ಅಂಗಿಗೆ ತಗುಲಿದರೆ ಅಂಗಿ ಹರಿದರೂ ಹೋಗದು ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನು ಯಾರಿಗೂ ಹೇಳದೆ ಇನ್ನೊಂದು ಪ್ರಯೋಗ ಮಾಡಿದೆ. ಪುಡಿಯನ್ನು ಮೊದಲು ಮಟ್ಟೆಯ ರಸದಲ್ಲಿ ನೆನೆಸಿ, ರಸದ ಸುಳಿವೇ ಇಲ್ಲದ ಹಾಗೆ ತೊಳೆದು, ಆಮೇಲೆ ಕಿಣ್ವ ಹಾಕಿದೆ. ತಡೆಯುವುದಕ್ಕೆ ಅಲ್ಲಿ ರಸವೇ ಇಲ್ಲ, ಆದರೂ ನೀರು ಕೆಂಪಾಗಲಿಲ್ಲ. ಪಕ್ಕದ ಕೊಳವೆಯಲ್ಲಿ ಅದೇ ಕಿಣ್ವ ಹೊಸ ಪುಡಿಯನ್ನು ಚೆನ್ನಾಗಿ ಕತ್ತರಿಸುತ್ತಿತ್ತು. ಕಿಣ್ವಕ್ಕೆ ಏನೂ ಆಗಿರಲಿಲ್ಲ, ಪುಡಿ ಚರ್ಮದ ಹಾಗೆ ಹದವಾಗಿತ್ತು.

ಆ ವಾರದ ಮೀಟಿಂಗಿನಲ್ಲಿ ಇದನ್ನೇ ಹೇಳಿದೆ. "ಎಂಜೈಮ್ ನಿಂತಿಲ್ಲ ಮೇಡಂ. ಕೊಲಾಜನ್ ಹದ ಆಗಿದೆ."

ಜೊತೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಗೆಳತಿ ನಕ್ಕಳು. ಅವಳೂ ತುರುವೇಕೆರೆಯವಳು, ದಿನಾ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. "ಹದ ಅಂದ್ರೆ? ಮುದ್ದೆ ಹದನೇನೇ?"

"ಚರ್ಮದ ಹದ ಕಣೇ. ಟ್ಯಾನಿಂಗ್."

"ಅದೆಲ್ಲ ನಿಂಗೆಂಗೆ ಗೊತ್ತು?"

"ನಮ್ ತಾತ ಅದೇ ಕೆಲಸ ಮಾಡ್ತಿದ್ರು."

ಗೆಳತಿ ತನ್ನ ನೋಟ್‌ಬುಕ್ಕಿನ ಕಡೆ ತಿರುಗಿಕೊಂಡಳು. ಮೇಡಂ ನನ್ನ ಅಂಕಿಗಳನ್ನು ನೋಡಿದರು, ಒಂದು ಹಳೆಯ ಪುಸ್ತಕ ತೆಗೆದು ಪುಟ ತಿರುಗಿಸಿದರು, "ಸರಿಯಾಗಿದೆ" ಅಂದರು. ಅವರು ಕೆಟ್ಟವರಲ್ಲ, ತಮ್ಮ ಕನಸು ಮುರಿದರೂ ಸತ್ಯವನ್ನು ಒಪ್ಪಿಕೊಂಡರು. ಪ್ರಬಂಧಕ್ಕೆ ಅದನ್ನೇ ವಿಷಯ ಮಾಡಿಕೋ ಎಂದೂ ಹೇಳಿದರು. ಕೊಲಾಜನ್ನಿನ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ಮರುದಿನ ಫ್ರಿಜ್ ತೆಗೆದರೆ ಕೆಂಪು ಪುಡಿಯ ಬಾಟಲಿ ಕೆಳಗಿನ ಖಾನೆಯಲ್ಲಿತ್ತು. ಊಟದ ಹೊತ್ತಿಗೆ ನೋಡಿದರೆ, ಬೆಳಿಗ್ಗೆ ನಾನು ಮೇಲಿಟ್ಟಿದ್ದ ನನ್ನ ಡಬ್ಬಿಯೂ ಅದರ ಪಕ್ಕಕ್ಕೆ ಇಳಿದಿತ್ತು.

"ಅದು ಚರ್ಮದ್ದಲ್ವೇನೇ, ಊಟದ ಜೊತೆ ಯಾಕೆ ಅಂತ ಇಳಿಸ್ದೆ" ಅಂದಳು ಗೆಳತಿ.

"ನನ್ ಡಬ್ಬಿ?"

"ಮೇಲೆ ಜಾಗ ಇರ್ಲಿಲ್ಲ ಕಣೇ."

ಮೇಲೆ ಜಾಗ ಬೇಕಾದಷ್ಟಿತ್ತು. ಅಷ್ಟು ದಿನ ನನ್ನ ಅವರೇಕಾಳು ಸಾರನ್ನು ಬೆರಳು ಚೀಪಿ ಉಂಡವಳು ಅವಳು. ನನಗೆ ಮೈಯೆಲ್ಲ ಉರಿಯಿತು. ನೇರ ಮೇಡಂ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಪುಸ್ತಕದಲ್ಲಿ ಓದಿದ್ದೆ ಅಂದಿದ್ರೆ ಆಗ್ತಿತ್ತಲ್ಲಮ್ಮ" ಅಂದರು. "ಮನೆ ವಿಷಯ ಯಾಕೆ ತಂದೆ?"

ಮೇಡಂ ಮೇಲಿನ ಸಿಟ್ಟಿನಲ್ಲೇ ಬಸ್ಸು ಹತ್ತಿದೆ. ನನಗಿಂತ ಮೊದಲೇ ಸುದ್ದಿ ಮನೆಗೆ ಬಂದಿತ್ತು. ಗೆಳತಿಯ ಮನೆ ನಮ್ಮ ಬೀದಿಯ ಹಿಂದಿನ ಬೀದಿಯಲ್ಲಿ, ಮೀಟಿಂಗಿನ ಸಂಜೆಯೇ ಅವಳು ಮನೆಯಲ್ಲಿ ಹೇಳಿದ್ದಳು. ಅಪ್ಪ ಅಂಗಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ.

"ಪುಸ್ತಕ್ದಲ್ಲಿ ಓದಿದ್ದೆ ಅನ್ಬೋದಾಗಿತ್ತಲ್ಲವ್ವ."

"ನಾನು ಹೇಳಿದ್ದು ನಿಜ ಅಲ್ವೇನಪ್ಪ?"

"ನಿಜಾನೇ ಕಣವ್ವ. ನೀನು ಹೇಳ್ಬುಟ್ಟು ಬಸ್ ಹತ್ಕೊಂಡು ಬತ್ತೀಯ. ಈ ಬೀದೀಲಿ ದಿನಾ ಓಡಾಡೋನು ನಾನು."

ಮೇಡಂ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಅಪ್ಪನ ಮೇಲೆ ಬಂತು. ತಾತ ಸತ್ತಾಗ ಹೆಗಲು ಕೊಟ್ಟವರು ಇವರೇ ಏನು ಅನ್ನಿಸಿತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಅಂದಿನಿಂದ ಅಪ್ಪ ಹಾಲಿನ ಡೇರಿಗೆ ಹೋಗುವಾಗ ಆ ಹಿಂದಿನ ಬೀದಿ ತಪ್ಪಿಸಿ ಸುತ್ತುಬಳಸಿನ ದಾರಿ ಹಿಡಿದದ್ದನ್ನೂ ನಾನು ನೋಡಿದೆ.

ಪ್ರಬಂಧ ಮುಗಿದು ವೈವಾ ಬಂತು. ಊಟದ ಡಬ್ಬಿ ಅಷ್ಟು ದಿನವೂ ಕೆಳಗಿನ ಖಾನೆಯಲ್ಲೇ ಇತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ಮರ್ಯಾದಸ್ಥರು. ರಸದಲ್ಲಿ ನೆನೆಸಿ ತೊಳೆದ ಪುಡಿಯ ಚಿತ್ರ ಪರದೆಯ ಮೇಲೆ ಬಂದಾಗ ನಿಲ್ಲಿಸಿ ಕೇಳಿದರು: "ತುಂಬ ಚೆನ್ನಾಗಿದೆ. ಈ ಯೋಚನೆ ನಿಮಗೆ ಹೇಗೆ ಹೊಳೀತು?"

ಮೊದಲ ಸಾಲಿನಲ್ಲಿ ಮೇಡಂ ತಲೆಯೆತ್ತಿದರು. ಕೊನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನಮ್ಮ ಬೀದಿಯವರಿಬ್ಬರ ಪಕ್ಕದಲ್ಲಿ ಅಪ್ಪ ಕೂತಿದ್ದರು. ಮಗಳು ಡಾಕ್ಟರ್ ಆಗುವುದನ್ನು ನೋಡಿ ಬನ್ನಿ ಎಂದು ಅವರನ್ನು ತಾವೇ ಕರೆದು ತಂದಿದ್ದರು. ಎರಡೂ ಕೈಯಲ್ಲಿ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು. ನನ್ನ ಬಾಯಲ್ಲಿ ತಾತ ಇದ್ದರು. ಹೊಂಗೆಮರ, ತಂಗಡಿ ತೊಗಟೆ ಎಲ್ಲ ಇತ್ತು.

"ಪುಸ್ತಕದಲ್ಲಿ ಓದಿದ್ದೆ ಸರ್" ಅಂದೆ.

ಮೇಡಂ ತಲೆಯಾಡಿಸಿದರು. ಅಪ್ಪನೂ ಆಡಿಸಿದರು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಲ್ಯಾಬಿಗೆ ವಾಪಸು ಬಂದಾಗ ಗೆಳತಿ ನನ್ನನ್ನು ತಬ್ಬಿಕೊಂಡಳು. ವೈವಾ ಮುಗಿದದ್ದಕ್ಕೆ ಹಂಚಿ ಮಿಕ್ಕಿದ್ದ ಕೊಬ್ಬರಿ ಮಿಠಾಯಿಯನ್ನು ಫ್ರಿಜ್ಜಿನ ಮೇಲಿನ ಖಾನೆಗೆ ಸೇರಿಸುತ್ತಾ, ಪಕ್ಕದಲ್ಲಿ ಒಂದಿಷ್ಟು ಜಾಗ ಮಾಡಿ, "ನಿನ್ ಡಬ್ಬೀನೂ ಇಲ್ಲೇ ಕೊಡೇ" ಅಂದಳು. ನಾನು ಬಗ್ಗಿ, ಡಬ್ಬಿಯನ್ನು ಕೆಳಗೆ ಕೆಂಪು ಪುಡಿಯ ಬಾಟಲಿಯ ಪಕ್ಕದಲ್ಲೇ ಇಟ್ಟು ಬಾಗಿಲು ಹಾಕಿದೆ.